ನಿಮಗಿದು ಗೊತ್ತೇ? ಕಾಡಿನ ತಬ್ಬಲಿಗಳು, ಊರಿನ ದಾದಿಯರು

● ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ಮನುಷ್ಯರು ಮುಟ್ಟಿದರೆ ತಾಯಿ ಅದನ್ನು ಮತ್ತೆ ಹತ್ತಿರ ಸೇರಿಸುವುದಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಅದು ಸುಳ್ಳು. ನಿಮ್ಮ ಕೈವಾಸನೆಗೆ ಹೇಸಿ ಯಾವ ಹಕ್ಕಿಯೂ ಮರಿಯನ್ನು ತೊರೆಯುವುದಿಲ್ಲ. ಮೈಮೇಲೆ ಪುಕ್ಕವೇ ಮೂಡದ ಮರಿ ಸಿಕ್ಕರೆ ಗೂಡಿಗೇ ವಾಪಸ್ ಇಡಿ. ಗೂಡು ಕೈಗೆ ಎಟುಕದಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ, ಮರಿಯನ್ನು ಅದರಲ್ಲಿಟ್ಟು ಅದೇ ಮರಕ್ಕೆ ಕಟ್ಟಿ. ಕೂಗು ಕೇಳಿಸಿಕೊಂಡು ತಾಯಿ ಅಲ್ಲಿಗೇ ಬಂದು ಗುಟುಕು ಕೊಡುತ್ತದೆ.

● ಪುಕ್ಕ ಬಂದು, ಮೋಟು ಬಾಲ ಇಟ್ಟುಕೊಂಡು ಅಂಗಳದಲ್ಲಿ ಕುಪ್ಪಳಿಸುವ ಮರಿ ತಬ್ಬಲಿಯಲ್ಲ. ಅದು ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಪಕ್ಕದ ಕೊಂಬೆಯಲ್ಲೇ ಕೂತು, ನೀವು ಯಾವಾಗ ತೊಲಗುತ್ತೀರೋ ಎಂದು ಕಾಯುತ್ತಿರುತ್ತವೆ. ಮನೆಯ ಬೆಕ್ಕನ್ನು ಒಳಗೆ ಕೂಡಿಹಾಕಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು.

● ಸುಸ್ತಾಗಿ ಬಿದ್ದ ಹಕ್ಕಿಯ ಕೊಕ್ಕು ಬಿಡಿಸಿ ನೀರು ಹುಯ್ಯುವುದು ಅದನ್ನು ಕೊಲ್ಲುವ ಸುಲಭ ದಾರಿ! ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಸುರಿದ ನೀರು ಹೊಟ್ಟೆಗೆ ಇಳಿಯುವ ಬದಲು ನೇರ ಶ್ವಾಸಕೋಶಕ್ಕೆ ನುಗ್ಗಬಹುದು. ಹಾಲಂತೂ ಬೇಡವೇ ಬೇಡ, ಹಕ್ಕಿಗಳಿಗೆ ಅದು ಜೀರ್ಣವಾಗುವುದಿಲ್ಲ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೆ ಕತ್ತಲು, ಸುತ್ತ ಗಲಾಟೆಯಿಲ್ಲದ ಜಾಗ: ವೈದ್ಯರ ಕೈಗೆ ತಲುಪುವವರೆಗೆ ಇಷ್ಟೇ ಪ್ರಥಮ ಚಿಕಿತ್ಸೆ.

● ಜಿಂಕೆಮರಿಯೋ ಮೊಲದ ಮರಿಯೋ ಪೊದೆಯ ಬುಡದಲ್ಲಿ ಮಿಸುಕದೆ ಒಂಟಿಯಾಗಿ ಮುದುರಿಕೊಂಡಿದ್ದರೆ ಅದು ಅಮ್ಮನ ಉಪಾಯ. ಎಳೆಮರಿಯ ಮೈಗೆ ವಾಸನೆ ಬಹಳ ಕಡಿಮೆ, ತಾಯಿಯ ಮೈಗೆ ಹೆಚ್ಚು. ಆದ್ದರಿಂದ ತಾಯಿ ದೂರದಲ್ಲಿ ಮೇಯುತ್ತಾ ಬೇಟೆಯಾಡುವ ಪ್ರಾಣಿಗಳ ಮೂಗನ್ನು ಮರಿಯಿಂದ ಆಚೆ ಇಡುತ್ತದೆ, ಹಾಲೂಡಿಸುವ ಹೊತ್ತಿಗೆ ಮಾತ್ರ ಬರುತ್ತದೆ. ‘ಅಯ್ಯೋ ಪಾಪ’ ಎಂದು ನಾವು ಎತ್ತಿಕೊಂಡು ಬರುವ ಎಷ್ಟೋ ಮರಿಗಳು ಅನಾಥವಾಗುವುದು ನಾವು ಎತ್ತಿಕೊಂಡಾಗಲೇ.

● ಜಿಂಕೆ, ಕೃಷ್ಣಮೃಗಗಳು ಬರೀ ಹಿಡಿಯುವ ಗಲಾಟೆಗೇ ಸಾಯಬಲ್ಲವು. ವಿಪರೀತ ಭಯ ಮತ್ತು ಓಟದಿಂದ ಮಾಂಸಖಂಡಗಳು ಒಳಗೊಳಗೇ ಹಾಳಾಗಿ, ಅದರಿಂದ ಹೊರಟ ನಂಜು ಮೂತ್ರಪಿಂಡವನ್ನು ಕೆಡಿಸುತ್ತದೆ. ಹಿಡಿದ ದಿನ ಚೆನ್ನಾಗಿಯೇ ಇದ್ದ ಪ್ರಾಣಿ ಮೂರನೆಯ ದಿನ ಬಿದ್ದುಹೋಗುವುದುಂಟು. ಅದಕ್ಕೇ ಅನುಭವಸ್ಥರು ಮೊದಲು ಅದರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಎರಡನೆಯ ಕೆಲಸ, ಮೊಬೈಲ್ ಹಿಡಿದು ಸುತ್ತ ನೆರೆದವರನ್ನು ಓಡಿಸುವುದು.

● ಚಿರತೆಗೆ ಕಬ್ಬಿನ ಗದ್ದೆಯೂ ಕಾಡೇ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಕಟಾವಿನ ಕಾಲ ಬಂತೆಂದರೆ ಕಬ್ಬಿನ ಬುಡದಲ್ಲಿ ಚಿರತೆ ಮರಿಗಳು ಸಿಗುತ್ತಲೇ ಇರುತ್ತವೆ. ನಮ್ಮ ಮಂಡ್ಯ, ಮೈಸೂರು ಕಡೆಗೂ ಇದು ಹೊಸದಲ್ಲ. ಮೊದಲೆಲ್ಲ ಮರಿಗಳನ್ನು ತಂದು ಮೃಗಾಲಯಕ್ಕೆ ಒಪ್ಪಿಸಿದರೆ ದೊಡ್ಡ ಉಪಕಾರ ಮಾಡಿದ ಹಾಗೆ. ಈಗಿನ ಪದ್ಧತಿ ಬೇರೆ. ಪಶುವೈದ್ಯರು ಮರಿಗಳನ್ನು ಪರೀಕ್ಷಿಸಿ, ಸಂಜೆ ಅದೇ ಗದ್ದೆಯ ಅದೇ ಜಾಗದಲ್ಲಿ ಒಂದು ಕ್ರೇಟಿನೊಳಗೆ ಇಡುತ್ತಾರೆ. ಪಕ್ಕದಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಊರಿನವರನ್ನೆಲ್ಲ ದೂರ ಕಳಿಸಿ ಕಾಯುತ್ತಾರೆ. ರಾತ್ರಿ ತಾಯಿ ಬರುತ್ತದೆ, ಕ್ರೇಟನ್ನು ಕೆಡವುತ್ತದೆ, ಮರಿಯ ಕತ್ತಿನ ಚರ್ಮ ಕಚ್ಚಿಕೊಂಡು ಒಂದೊಂದಾಗಿ ಒಯ್ಯುತ್ತದೆ. ಮರಿ ಕಳಕೊಂಡು ರೊಚ್ಚಿಗೆದ್ದು ಊರ ಸುತ್ತ ತಿರುಗುವ ಚಿರತೆಯ ಕಾಟವೂ ಇದರಿಂದ ತಪ್ಪುತ್ತದೆ. ಪುಣ್ಯಕ್ಕೆ ಪುಣ್ಯ, ಲಾಭಕ್ಕೆ ಲಾಭ.

● ಅದೇ ಜುನ್ನರ್‌ನಲ್ಲಿ ಈ ಶತಮಾನದ ಆರಂಭದಲ್ಲಿ ದೊಡ್ಡ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಸಾಗಿಸಿ ಬಿಟ್ಟರು. ಫಲ? ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು ಎಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ‘ಹಿಡಿದು ಕಾಡಿಗೆ ಬಿಡಿ’ ಎಂದು ಇಂದಿಗೂ ರಸ್ತೆ ತಡೆ ಮಾಡುವವರ ಕಿವಿಗೆ ಈ ಲೆಕ್ಕ ಇನ್ನೂ ಬಿದ್ದಿಲ್ಲ.

● ಹಾವಿಗೂ ತನ್ನೂರು ಇದೆ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸಿದರು. ದೂರ ಒಯ್ದು ಬಿಟ್ಟ ಗಂಡು ಕಾಳಿಂಗ ಸ್ಥಳೀಯ ಹಾವಿಗಿಂತ ಎಷ್ಟೋ ಹೆಚ್ಚು ಅಲೆದಾಡಿತು. ಹಾವು ಹಿಡಿಯುವವರು ಈಗ ಸಿಕ್ಕ ಜಾಗದ ಆಸುಪಾಸಿನಲ್ಲೇ ಬಿಡಲು ನೋಡುವುದು ಇದಕ್ಕೇ. ಮನೆಯವರನ್ನು ಒಪ್ಪಿಸುವುದೇ ಹಾವು ಹಿಡಿಯುವುದಕ್ಕಿಂತ ಕಷ್ಟ.

● ಹಿಂಡು ತಪ್ಪಿದ ಆನೆಮರಿಗೆ ಅರಣ್ಯ ಸಿಬ್ಬಂದಿ ಕೆಸರು ಬಳಿಯುವುದನ್ನು ಕೇಳಿದ್ದೀರಾ? ಮನುಷ್ಯರ ವಾಸನೆ ಮುಚ್ಚಲು ಈ ಉಪಾಯ. 2023ರ ಡಿಸೆಂಬರಿನಲ್ಲಿ ತಮಿಳುನಾಡಿನ ಆನೈಮಲೈ ಹುಲಿ ಅಭಯಾರಣ್ಯದಲ್ಲಿ ಹೀಗೇ ಒಂದು ಮರಿಯನ್ನು, ಡ್ರೋನ್ ಹಾರಿಸಿ ಹಿಂಡು ಎಲ್ಲಿದೆಯೆಂದು ಪತ್ತೆಮಾಡಿ, ತಾಯಿಯ ಬಳಿ ಸೇರಿಸಿದರು. ಆಮೇಲೆ ಮರಿ ಅಮ್ಮನ ಪಕ್ಕ ಮಲಗಿ ನಿದ್ದೆ ಹೊಡೆಯುತ್ತಿರುವ ಚಿತ್ರ ದೇಶವೆಲ್ಲ ಓಡಾಡಿತು.

● ತಾಯಿ ಸಿಗದಿದ್ದರೆ? ಆಗ ಹಾಲಿನ ಪ್ರಶ್ನೆ. ಕೀನ್ಯಾದಲ್ಲಿ ಡ್ಯಾಫ್ನಿ ಶೆಲ್ಡ್ರಿಕ್ ಎಂಬಾಕೆ ವರ್ಷಗಟ್ಟಲೆ ಇದಕ್ಕಾಗಿ ತಲೆ ಕೆಡಿಸಿಕೊಂಡರು. ಹಸುವಿನ ಹಾಲು ಕುಡಿಸಿದ ಹಾಲುಗುಡುಕ ಆನೆಮರಿಗಳು ಒಂದೊಂದಾಗಿ ಸಾಯುತ್ತಿದ್ದವು, ಅದರ ಕೊಬ್ಬು ಅವಕ್ಕೆ ಒಗ್ಗುತ್ತಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ತೆಂಗಿನೆಣ್ಣೆ ಬೆರೆತ ಶಿಶು ಆಹಾರದ ಪುಡಿ! 1974ರಲ್ಲಿ ಆಯಿಷಾ ಎಂಬ ಮರಿ ಈ ಹಾಲು ಕುಡಿದು ಆರು ತಿಂಗಳವರೆಗೆ ಚೆನ್ನಾಗಿ ಬೆಳೆಯಿತು. ಅಷ್ಟರಲ್ಲಿ ಡ್ಯಾಫ್ನಿಯ ಮಗಳ ಮದುವೆ. ಆಕೆ ಕೆಲವು ದಿನ ನೈರೋಬಿಗೆ ಹೋದರು. ಆಯಿಷಾ ಹಾಲು ಮುಟ್ಟಲಿಲ್ಲ. ಆಕೆ ಹಿಂತಿರುಗಿದ ಮೇಲೂ ಚೇತರಿಸಿಕೊಳ್ಳದೆ ಸತ್ತಿತು. ಅಂದಿನಿಂದ ಆಕೆಯ ಆನೆಮರಿಗಳ ಅನಾಥಾಲಯದಲ್ಲಿ ಒಂದು ನಿಯಮ. ಮರಿಯ ಜೊತೆ ರಾತ್ರಿ ಮಲಗಲು ಆಳು ಇರಲೇಬೇಕು, ಆದರೆ ಆ ಆಳು ಬದಲಾಗುತ್ತಲೇ ಇರಬೇಕು. ಹಾಲು ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿ. ಅಮ್ಮನ ಹೊಟ್ಟೆಯಡಿ ಸೊಂಡಿಲು ತಾಗಿಸಿ ಕುಡಿಯುವ ಅಭ್ಯಾಸದ ಮರಿಗೆ, ಸೊಂಡಿಲು ಒರಗಿಸಲು ಒಂದು ಕಂಬಳಿ ತೂಗುಹಾಕುತ್ತಾರೆ. ಬಿಸಿಲಿಗೆ ಕಿವಿಗಳಿಗೆ ಸನ್‌ಸ್ಕ್ರೀನ್. ದೊಡ್ಡವಾದ ಮೇಲೆ ತ್ಸಾವೊ ಕಾಡಿನಲ್ಲಿ ಕಾಡಾನೆಗಳ ಜೊತೆ ಬೆರೆಯುತ್ತವೆ.

● ಶ್ರೀಲಂಕಾದ ಉಡವಲವೆಯಲ್ಲಿ 1995ರಿಂದ ಇರುವ ಆನೆಮರಿಗಳ ತಂಗುದಾಣದ್ದು ಇನ್ನೂ ಬಿಗಿ. ಹೊತ್ತಿಗೆ ಸರಿಯಾಗಿ ಹಾಲು, ಮಿಕ್ಕ ಹೊತ್ತು ಮನುಷ್ಯರ ಸಹವಾಸವೇ ಇಲ್ಲ. ಮುದ್ದಿಲ್ಲ, ಪಳಗಿಸುವುದಿಲ್ಲ. ಮರಿಗಳು ತಮ್ಮಲ್ಲೇ ಹಿಂಡು ಕಟ್ಟಿಕೊಂಡು ಕಾಡಿಗೆ ಹೋಗುತ್ತವೆ. ನೋಡಲು ಹೋದ ಪ್ರವಾಸಿಗರಿಗೆ ಇದು ಸಪ್ಪೆ ಎನಿಸಬಹುದು, ಮರಿಗಳಿಗೆ ಅದೇ ವರ.

● 2023ರಲ್ಲಿ ಆಸ್ಕರ್ ಗೆದ್ದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಕಿರು ಸಾಕ್ಷ್ಯಚಿತ್ರದಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕುವ ಬೊಮ್ಮನ್ ಮತ್ತು ಬೆಳ್ಳಿ ಮುದುಮಲೆಯ ಕಾಟ್ಟುನಾಯ್ಕ ಬುಡಕಟ್ಟಿನವರು. ಅವರ ನುಡಿ ಕನ್ನಡದ ಹತ್ತಿರದ ನಂಟಿನದು. ನಮ್ಮ ನಾಗರಹೊಳೆ ಸುತ್ತಲಿನ ಆನೆ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಜೇನುಕುರುಬರೇ ಹೆಚ್ಚು. ಚಿತ್ರ ನೋಡಿ ಕಣ್ಣೊರೆಸಿಕೊಂಡವರು ಒಂದು ಗಮನಿಸಬೇಕು. ಹಾಗೆ ಮಡಿಲಲ್ಲಿ ಬೆಳೆದ ಮರಿ ಸಾಮಾನ್ಯವಾಗಿ ಶಿಬಿರದ ಆನೆಯಾಗಿಯೇ ಉಳಿಯುತ್ತದೆ, ಕಾಡಾನೆಯಾಗುವುದಿಲ್ಲ.

● ಹಾಗಾದರೆ ಸಾಕುವವರು ಕಣ್ಣಿಗೇ ಬೀಳಬಾರದು. ಚೀನಾದ ವೋಲಾಂಗ್‌ನಲ್ಲಿ ಕಾಡಿಗೆ ಬಿಡಲಿರುವ ಪಾಂಡಾ ಮರಿಗಳ ಬಳಿ ಹೋಗುವ ಸಿಬ್ಬಂದಿ ಪಾಂಡಾ ವೇಷ ತೊಟ್ಟು, ಅದಕ್ಕೆ ಪಾಂಡಾ ಮೂತ್ರ ಸಿಂಪಡಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ವೂಪಿಂಗ್ ಕ್ರೇನ್ ಎಂಬ ಅಪರೂಪದ ಕ್ರೌಂಚದ ಮರಿಗಳನ್ನು ಸಾಕಿದವರು ಬಿಳಿ ನಿಲುವಂಗಿಯೊಳಗೆ ಮುಖ ಮುಚ್ಚಿಕೊಂಡು, ಕೈಗೆ ಕೊಕ್ಕಿನ ಗೊಂಬೆ ಹಾಕಿಕೊಂಡು, ಒಂದೇ ಒಂದು ಮಾತಾಡದೆ ಕಾಳು ತಿನ್ನಿಸಿದರು. ಯಕ್ಷಗಾನದ ವೇಷಧಾರಿಗೆ ಮಾತು ಬಂದ್ ಮಾಡಿದ ಹಾಗೆ! 2001ರಲ್ಲಿ ಅದೇ ವೇಷದಲ್ಲಿ ಪುಟ್ಟ ವಿಮಾನ ಹಾರಿಸಿ, ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ವಲಸೆಯ ದಾರಿಯನ್ನೂ ತೋರಿಸಿದರು.

● ಕೊವಾಲ ತಾಯಿ ತನ್ನ ಮರಿಗೆ ಹಾಲಿನ ಜೊತೆ ಒಂದು ಬಗೆಯ ಮೆದು ಲದ್ದಿಯನ್ನೂ ತಿನ್ನಿಸುತ್ತದೆ. ನೀಲಗಿರಿ ಎಲೆ ಅರಗಿಸುವ ಸೂಕ್ಷ್ಮಜೀವಿಗಳು ಮರಿಯ ಹೊಟ್ಟೆ ಸೇರುವುದು ಅದರಿಂದ. ತಬ್ಬಲಿ ಮರಿಗೆ ಆರೈಕೆದಾರರು ಬೇರೊಂದು ಕೊವಾಲದಿಂದ ಅದನ್ನು ಸಂಪಾದಿಸಬೇಕು.

● 2009ರ ಹೊತ್ತಿಗೆ ಮಧ್ಯಪ್ರದೇಶದ ಪನ್ನಾದಲ್ಲಿ ಒಂದೂ ಹುಲಿ ಉಳಿದಿರಲಿಲ್ಲ. ಮತ್ತೆ ಹುಲಿ ತಂದು ಬಿಟ್ಟಾಗ ಆ ಗುಂಪಿನಲ್ಲಿ ಇಬ್ಬರು ಅಕ್ಕತಂಗಿಯರೂ ಇದ್ದರು. 2005ರಲ್ಲಿ ಕಾನ್ಹಾದಲ್ಲಿ ತಾಯಿಯನ್ನು ಕಳೆದುಕೊಂಡು, ದೊಡ್ಡ ಬೇಲಿಯೊಳಗೆ ಜೀವಂತ ಚುಕ್ಕೆಜಿಂಕೆಗಳ ಮೇಲೆ ಬೇಟೆ ಕಲಿತವು ಇವು. 2011ರಲ್ಲಿ ಪನ್ನಾಕ್ಕೆ ಹೋದವು, ಅಲ್ಲಿ ಮರಿ ಹಾಕಿದವು.

● ಬ್ರಹ್ಮಪುತ್ರದ ನೆರೆ ಕಾಜಿರಂಗದಲ್ಲಿ ಘೇಂಡಾಮರಿಗಳನ್ನು ತಾಯಿಯಿಂದ ಅಗಲಿಸುತ್ತದೆ. ಇಂಥ ಕಾಡುಪ್ರಾಣಿಗಳಿಗೆಂದು ಪಕ್ಕದ ಬೊರ್ಜುರಿಯಲ್ಲಿ 2002ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಹಾಗೆ ಬೆಳೆದ ಘೇಂಡಾಗಳನ್ನು 2006ರಿಂದ ಮಾನಸ್ ಕಾಡಿಗೆ ಒಯ್ದರು. ಅದಕ್ಕೂ ಮುಂಚೆ, ಆ ಸೀಮೆಯ ಗಲಭೆಯ ವರ್ಷಗಳಲ್ಲಿ ಕಳ್ಳಬೇಟೆಗೆ ಸಿಕ್ಕಿ ಮಾನಸ್‌ನ ಘೇಂಡಾ ಸಂತತಿಯೇ ಅಳಿದಿತ್ತು. 2013ರಲ್ಲಿ ಬಾಟಲಿ ಹಾಲು ಕುಡಿದು ಬೆಳೆದ ತಾಯಿಯೊಂದು ಅಲ್ಲಿ ಮರಿ ಹಾಕಿತು.

● ಅರುಣಾಚಲದ ಪಕ್ಕೆ ಎಂಬ ಕಾಡಿನಲ್ಲಿ ತಬ್ಬಲಿ ಕರಡಿಮರಿಗಳಿಗೆ ದಿನವೂ ವಾಕಿಂಗ್. ಕಾಡೊಳಗೆ ಬಿಡಾರ ಹೂಡಿದ ಪಾಲಕರು ಬೆಳಿಗ್ಗೆ ಮರಿಗಳನ್ನು ಕರೆದುಕೊಂಡು ಹೊರಡುತ್ತಾರೆ. ಮರಿಗಳು ಮರ ಹತ್ತಿ, ಹುಳ ಕೆದಕಿ, ಹಣ್ಣು ಹುಡುಕುತ್ತಾ ಬರಬರುತ್ತಾ ದೂರ ಹೋಗುತ್ತವೆ. ಸಂಜೆ ಕರೆದರೂ ವಾಪಸ್ ಬಾರದ ದಿನವೇ ಪಾಲಕರಿಗೆ ಸಂಭ್ರಮ.

● ಎಲ್ಲ ಕರಡಿಗೂ ಆ ಭಾಗ್ಯವಿಲ್ಲ. ಬೀದಿಯಲ್ಲಿ ಕರಡಿ ಕುಣಿಸುತ್ತಾ, ಅದರ ಕೂದಲನ್ನು ತಾಯತಕ್ಕೆಂದು ಮಾರುತ್ತಾ ಬರುತ್ತಿದ್ದವರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರಿಯಿದ್ದಾಗಲೇ ಮೂತಿಗೆ ಕಾದ ಸೂಜಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು ಅವನ್ನು ಪಳಗಿಸುತ್ತಿದ್ದರು. ಅವರ ಕೈಯಿಂದ ಬಿಡಿಸಿ ತಂದ ಕರಡಿಗಳು 600ಕ್ಕೂ ಹೆಚ್ಚು. ಕೊನೆಯದೆಂದು ಹೇಳುವ ರಾಜು 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರ ಸೇರಿತು. ಹಲ್ಲಿಲ್ಲದ ಕರಡಿಯನ್ನು ಕಾಡಿಗೆ ಬಿಡುವಂತಿಲ್ಲ, ಬದುಕಿರುವವರೆಗೆ ಸಾಕಬೇಕು. ಕರಡಿ ಕುಣಿಸುತ್ತಿದ್ದು ಹೊಟ್ಟೆಪಾಡು ಕಳಕೊಂಡ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬು, ಮಕ್ಕಳಿಗೆ ಶಾಲೆ ಒದಗಿಸಿದ್ದರಿಂದಲೇ ಈ ಕೆಲಸ ನಿಂತಿತು ಎನ್ನುವುದು ನನ್ನ ಎಣಿಕೆ. ವನ್ಯಜೀವಿ ಕಾಯ್ದೆ 1972ರಿಂದಲೂ ಇತ್ತಲ್ಲ!

● ದಿಲ್ಲಿಯಲ್ಲಿ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸವೂದ್ ಎಂಬ ಅಣ್ಣತಮ್ಮಂದಿರು ಗಾಳಿಪಟದ ಮಾಂಜಾ ತಗುಲಿ ಬೀಳುವ ಹದ್ದುಗಳಿಗೆ ಚಿಕಿತ್ಸೆ ಮಾಡುತ್ತಾ ಬಂದವರು. ಅವರ ಮೇಲಿನ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ 2022ರಲ್ಲಿ ಸನ್‌ಡ್ಯಾನ್ಸ್, ಕಾನ್ ಎರಡೂ ಕಡೆ ಪ್ರಶಸ್ತಿ ಪಡೆಯಿತು. ಹದ್ದಿನ ಮೇಲೆ ಮರುಕಪಡುವವರು ಕಡಿಮೆ. ಗಿಣಿಗೆ ಸಿಗುವ ಉಪಚಾರ ಅದಕ್ಕೆಲ್ಲಿ?

● ಮುರಿದ ಗರಿಯನ್ನು ಕಸಿ ಮಾಡಬಹುದು! ಹಾರುವ ಗರಿ ಮುರಿದರೆ ಅದು ತಾನಾಗಿ ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಪಂಜರವಾಸ. ಅದಕ್ಕೇ ಉಳಿದ ದಂಟಿನ ಟೊಳ್ಳಿಗೆ ಬಿದಿರಿನ ಸಣ್ಣ ಸೀಳು ತೂರಿಸಿ, ಅದೇ ಜಾತಿಯ ಹಕ್ಕಿಯಿಂದ ಉದುರಿದ ಗರಿಯನ್ನು ಅದರ ಮೇಲೆ ಕೂರಿಸಿ ಅಂಟು ಹಾಕುತ್ತಾರೆ. ಗಿಡುಗ ಸಾಕುತ್ತಿದ್ದ ಬೇಟೆಗಾರರ ಹಳೆಯ ವಿದ್ಯೆ ಇದು, ಈಗ ಹಕ್ಕಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

● ನೆಲಬಾಂಬು ತುಳಿದು ಕಾಲು ಕಳಕೊಂಡ ಮೋಶಾ ಎಂಬ ಆನೆಮರಿಗೆ ಥಾಯ್ಲೆಂಡಿನ ಲಂಪಾಂಗ್ ಆಸ್ಪತ್ರೆಯಲ್ಲಿ ಕೃತಕ ಕಾಲು ಹಾಕಿದರು. ಮರಿಯ ತೂಕ ಹೆಚ್ಚಿದಂತೆಲ್ಲ ಹೊಸ ಕಾಲು.

● ಕಾಡುಪ್ರಾಣಿ ನಿಮ್ಮ ಕೈಸೇರಿದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕೆಂದು ವನ್ಯಜೀವಿ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ಪ್ರೀತಿಯಿಂದ ಸಾಕಿಕೊಂಡೆ ಎಂಬ ಸಬೂಬು ನಡೆಯದು. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926.

● 2000ನೇ ಇಸವಿ ಜೂನ್ 23ರಂದು ಕೇಪ್‌ಟೌನ್ ಬಳಿ ‘ಟ್ರೆಷರ್’ ಎಂಬ ಹಡಗು ಮುಳುಗಿ ಎಣ್ಣೆ ಚೆಲ್ಲಿತು. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿತ್ತು. ಅವನ್ನು ಸಾವಿರಾರು ಸ್ವಯಂಸೇವಕರು ಸೋಪುನೀರಿನಲ್ಲಿ ಒಂದೊಂದಾಗಿ ತೊಳೆದರು. ಆದರೆ ಎಣ್ಣೆ ತಾಗದ ಇನ್ನೂ 19,500ರಷ್ಟು ಹಕ್ಕಿಗಳು ಅಪಾಯದ ಅಂಚಿನಲ್ಲಿದ್ದವು. ಅವನ್ನು ಲಾರಿಗಳಲ್ಲಿ ತುಂಬಿ ಸುಮಾರು 800 ಕಿಲೋಮೀಟರ್ ದೂರದ ಪೋರ್ಟ್ ಎಲಿಜಬೆತ್‌ನಲ್ಲಿ ನೀರಿಗೆ ಬಿಟ್ಟರು. ಈಜಿಕೊಂಡು ಮನೆಗೆ ಮರಳುವಷ್ಟರಲ್ಲಿ ಕಡಲು ತಿಳಿಯಾಗಿರಬೇಕು ಎಂಬುದು ಲೆಕ್ಕಾಚಾರ. ಪೀಟರ್, ಪಮೇಲಾ, ಪರ್ಸಿ ಎಂದು ಹೆಸರಿಟ್ಟ ಮೂರಕ್ಕೆ ಉಪಗ್ರಹ ಟ್ಯಾಗ್ ಕಟ್ಟಿದ್ದರು, ಅವುಗಳ ಪಯಣವನ್ನು ಜನ ಇಂಟರ್‌ನೆಟ್ಟಿನಲ್ಲಿ ದಿನಾ ನೋಡುತ್ತಿದ್ದರು. ಹಕ್ಕಿಗಳು ಎರಡು ಮೂರು ವಾರದಲ್ಲಿ ಊರು ಮುಟ್ಟಿದವು. ಅಷ್ಟರಲ್ಲಿ ಎಣ್ಣೆ ತೆಗೆದು ಮುಗಿದಿತ್ತು.