ಆದಾಯದ ಮೂಲಕ್ಕೆ ದಾಖಲೆ: ಬ್ಯಾಂಕ್ ಮತ್ತು ಆ್ಯಪ್‌ಗಳು ಕೇಳುವುದೇನು, ಗ್ರಾಮ ಪಂಚಾಯತಿ ಮಾಡಬಹುದಾದುದೇನು

(ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ತೊಗರಿ ಮಾರಿದ ಹಣ ಖಾತೆಗೆ ಜಮೆಯಾದ ಮೇಲೆ "ಈ ಹಣದ ಮೂಲ ಯಾವುದು?" ಎಂದು ಬ್ಯಾಂಕ್ ಕೇಳಿದಾಗ, ಅಥವಾ ಮೊಬೈಲ್ ಆ್ಯಪ್ ಮೂಲಕ ಸಾಲಕ್ಕೆ ಅರ್ಜಿ ಹಾಕಿದವರಿಗೆ "ಆದಾಯದ ದಾಖಲೆ ಸಲ್ಲಿಸಿ" ಎಂಬ ಸಂದೇಶ ಬಂದಾಗ, ಗ್ರಾಮಸ್ಥರು ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೆ. ಸದಸ್ಯರು ಒಂದು ಪತ್ರ ಬರೆದುಕೊಟ್ಟರೆ ಕೆಲಸವಾಗುವುದೆಂಬ ನಂಬಿಕೆ ಜನರಲ್ಲಿದೆ. ಆದರೆ ಆ ಪತ್ರವು ಆದಾಯದ ದಾಖಲೆಯಾಗುವುದಿಲ್ಲ. ಯಾವುದು ದಾಖಲೆಯಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪ್ರಶ್ನೆ ಏಕೆ?

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2002 ಮತ್ತು ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿದ ಕೆವೈಸಿ ನಿರ್ದೇಶನಗಳ ಪ್ರಕಾರ, ಗ್ರಾಹಕರು ಯಾರು, ಅವರ ಉದ್ಯೋಗ ಯಾವುದು, ಖಾತೆಯ ವ್ಯವಹಾರವು ಆ ಉದ್ಯೋಗಕ್ಕೆ ಹೊಂದುತ್ತದೆಯೇ ಎಂಬುದನ್ನು ಗಮನಿಸುವುದು ಬ್ಯಾಂಕುಗಳ ಕರ್ತವ್ಯವಾಗಿದೆ. ಆದುದರಿಂದ ಈ ಪ್ರಶ್ನೆಯನ್ನು ಆರೋಪವೆಂದು ಭಾವಿಸಬೇಕಾಗಿಲ್ಲ. ಉತ್ತರಿಸದೆ ಬಿಟ್ಟರೆ ಮಾತ್ರ ಖಾತೆಯ ವ್ಯವಹಾರಕ್ಕೆ ತೊಡಕಾಗಬಹುದು.

ಇಲ್ಲಿ ಮೂರು ವಿಷಯಗಳನ್ನು ಬೇರೆಬೇರೆಯಾಗಿ ಅರಿಯಬೇಕು. ಮೊದಲನೆಯದು ಗುರುತು. ಆಧಾರ್, ಮತದಾರರ ಗುರುತಿನ ಚೀಟಿ ಮತ್ತು ಅಧಿಕಾರಿಯ ಸಹಿಯುಳ್ಳ ನರೇಗಾ ಉದ್ಯೋಗ ಚೀಟಿ ಇದಕ್ಕೆ ಸಾಕು. ಎರಡನೆಯದು ಹಣದ ಮೂಲ, ಅಂದರೆ ಈ ನಿರ್ದಿಷ್ಟ ಮೊತ್ತ ಎಲ್ಲಿಂದ ಬಂತು ಎಂಬುದು. ಮೂರನೆಯದು ಆದಾಯದ ಪ್ರಮಾಣ, ಅಂದರೆ ಕುಟುಂಬವು ವರ್ಷಕ್ಕೆ ಎಷ್ಟು ಗಳಿಸುತ್ತದೆ ಎಂಬುದು. ಗುರುತಿನ ಚೀಟಿಯು ಉಳಿದ ಎರಡು ಪ್ರಶ್ನೆಗಳಿಗೆ ಉತ್ತರವಾಗುವುದಿಲ್ಲ. ಇ-ಶ್ರಮ್ ಕಾರ್ಡ್ ಸಹ ಉದ್ಯೋಗವನ್ನು ಸೂಚಿಸುತ್ತದೆಯೇ ಹೊರತು ಗಳಿಕೆಯನ್ನು ದೃಢಪಡಿಸುವುದಿಲ್ಲ.

ಯಾರಿಗೆ ಯಾವ ದಾಖಲೆ?

ರೈತರು: ಪಹಣಿಯು ಜಮೀನನ್ನು ಮತ್ತು ಬೆಳೆಯನ್ನು ತೋರಿಸುತ್ತದೆ, ಹಣವನ್ನು ತೋರಿಸುವುದಿಲ್ಲ. ಎಪಿಎಂಸಿಯಲ್ಲಿ ಅಥವಾ ಖರೀದಿ ಕೇಂದ್ರದಲ್ಲಿ ನೀಡುವ ಮಾರಾಟದ ಪಟ್ಟಿ, ಪಹಣಿ ಮತ್ತು ಹಣ ಜಮೆಯಾದ ಪಾಸ್‌ಬುಕ್ ಪುಟ ಈ ಮೂರೂ ಸೇರಿದಾಗ ಉತ್ತರ ಪೂರ್ಣವಾಗುತ್ತದೆ. ಮಾರಾಟದ ಪಟ್ಟಿಯನ್ನು ಹಣ ಕೈಸೇರಿದ ಕೂಡಲೇ ಎಸೆಯದೆ ಕಾದಿಡುವಂತೆ ರೈತರಿಗೆ ತಿಳಿಸತಕ್ಕದ್ದು.

ಲಾವಣಿದಾರರು: ಅತ್ಯಂತ ಕಷ್ಟದ ಸ್ಥಿತಿ ಇವರದು. ರಾಜ್ಯದ ಭೂಸುಧಾರಣಾ ಕಾಯ್ದೆಯು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸಿರುವುದರಿಂದ ಲಾವಣಿ ಮಾತಿನಲ್ಲೇ ಉಳಿಯುತ್ತದೆ. ಪಹಣಿ ಮಾಲೀಕರ ಹೆಸರಿನಲ್ಲಿರುತ್ತದೆ. ಬೆಂಬಲ ಬೆಲೆಯ ಖರೀದಿಗೆ ನೋಂದಣಿಯೂ ಅವರ ಹೆಸರಿನಲ್ಲೇ ಆದರೆ ಹಣವೂ ಅವರ ಖಾತೆಗೇ ಬರುತ್ತದೆ. ದುಡಿದವರ ಕೈಗೆ ಅದು ನಗದಾಗಿ ಬಂದರೆ ಅದರ ಮೂಲಕ್ಕೆ ಯಾವ ಗುರುತೂ ಉಳಿಯುವುದಿಲ್ಲ. ಆ ಪಾಲನ್ನು ಖಾತೆಯಿಂದ ಖಾತೆಗೆ ವರ್ಗಾಯಿಸಿಕೊಳ್ಳುವುದು ಮತ್ತು ಮುಕ್ತ ಮಾರುಕಟ್ಟೆಯಲ್ಲಿ ಮಾರಿದ ಮಾಲಿಗೆ ತಮ್ಮ ಹೆಸರಿನಲ್ಲೇ ಪಟ್ಟಿ ಪಡೆಯುವುದು ಇವರಿಗಿರುವ ದಾರಿಗಳು. ಸಾಲಕ್ಕಾಗಿ, ನಬಾರ್ಡ್ ರೂಪಿಸಿದ 4ರಿಂದ 10 ಸದಸ್ಯರ ಜಂಟಿ ಬಾಧ್ಯತಾ ಗುಂಪಿನ ವ್ಯವಸ್ಥೆಯಲ್ಲಿ ಮಾತಿನ ಗೇಣಿದಾರರಿಗೂ ಅವಕಾಶವಿದೆ.

ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರು: ವಾಡಿ, ಮಳಖೇಡ, ಸೇಡಂ ಭಾಗದ ಗುತ್ತಿಗೆ ಕಾರ್ಮಿಕರಿಗೆ ಭವಿಷ್ಯನಿಧಿಯ ಪಾಸ್‌ಬುಕ್ ಬಲವಾದ ದಾಖಲೆ. ಕಾರ್ಮಿಕರ ವಂತಿಗೆಯು ಸಾಮಾನ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 12 ಆಗಿರುವುದರಿಂದ, ಪಾಸ್‌ಬುಕ್‌ನಲ್ಲಿ ತಿಂಗಳಿಗೆ 1,440 ರೂ. ಕಂಡರೆ ಆ ವೇತನ 12,000 ರೂ. ಎಂದು ಯಾರಾದರೂ ಲೆಕ್ಕ ಹಾಕಬಹುದು. ಇದರೊಡನೆ ವೇತನ ಚೀಟಿಯನ್ನು ಕೇಳಿ ಪಡೆಯಬೇಕು. ಸಂಬಳವು ಮೇಸ್ತ್ರಿಯ ಖಾತೆಗೆ ಹೋಗದೆ ಕಾರ್ಮಿಕರ ಖಾತೆಗೇ ನೇರವಾಗಿ ಬರುವಂತೆ ನೋಡಿಕೊಳ್ಳಬೇಕು.

ಕಲ್ಲು ಗಣಿ ಮತ್ತು ಪಾಲಿಶ್ ಕೆಲಸಗಾರರು: ಶಹಾಬಾದ್, ಚಿತ್ತಾಪುರ ಭಾಗದ ಈ ಕೆಲಸಗಾರರಲ್ಲಿ ವಾರದ ಬಟವಾಡೆಯನ್ನು ನಗದಾಗಿ ಪಡೆಯುವವರು, ಅದರಲ್ಲಿ ಒಂದು ಭಾಗವನ್ನಾದರೂ ಪ್ರತಿ ವಾರ ಸ್ವಂತ ಖಾತೆಗೆ ಕಟ್ಟುವುದು ಒಳಿತು. ಒಂದೇ ಬಾರಿ ಕಟ್ಟಿದ ದೊಡ್ಡ ಮೊತ್ತಕ್ಕಿಂತ ವಾರವಾರ ಕಟ್ಟಿದ ಸಣ್ಣ ಮೊತ್ತಗಳು ದುಡಿಮೆಯನ್ನು ಚೆನ್ನಾಗಿ ತೋರಿಸುತ್ತವೆ.

ವಲಸೆ ಹೋದವರು: ಚಿಂಚೋಳಿ, ಸೇಡಂ ಭಾಗದ ತಾಂಡಾ ಮತ್ತು ಗ್ರಾಮಗಳಿಂದ ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋದವರು ನೆರೆಮನೆಯವರ ಫೋನಿಗೆ ಹಣ ಕಳುಹಿಸಿದರೆ, ಆ ಹಣಕ್ಕೆ ಉತ್ತರ ಕೊಡಬೇಕಾದವರು ನೆರೆಮನೆಯವರೇ ಆಗುತ್ತಾರೆ. ಊರಿನಲ್ಲಿರುವ ಪತ್ನಿ ಅಥವಾ ತಂದೆತಾಯಿಯ ಖಾತೆಗೇ ಕಳುಹಿಸತಕ್ಕದ್ದು.

ಮಹಿಳೆಯರು: ಸ್ವಸಹಾಯ ಗುಂಪಿನ ಪಾಸ್‌ಬುಕ್, ಹಾಲು ಉತ್ಪಾದಕರ ಸಂಘದ ಬಟವಾಡೆ ಚೀಟಿ ಮತ್ತು ಹೊಲಿಗೆ ಅಥವಾ ಕಿರಾಣಿ ಅಂಗಡಿಯ ದಿನದ ಲೆಕ್ಕದ ಪುಸ್ತಕ ಇವು ಅವರ ಸ್ವಂತ ಗಳಿಕೆಯ ಕುರುಹುಗಳು.

ಆದಾಯ ಪ್ರಮಾಣಪತ್ರವೇ ಬೇಕಾದಲ್ಲಿ ಅರ್ಜಿಯನ್ನು ನಾಡಕಚೇರಿಗೆ ಸಲ್ಲಿಸಬೇಕು. ಗ್ರಾಮ ಆಡಳಿತಾಧಿಕಾರಿಯ ವರದಿಯ ಮೇಲೆ ಕಂದಾಯ ಇಲಾಖೆಯು ಅದನ್ನು ನೀಡುತ್ತದೆ. ಸದಸ್ಯರು ತಮ್ಮ ಲೆಟರ್‌ಹೆಡ್‌ನಲ್ಲಿ ಆದಾಯದ ಅಂಕಿ ನಮೂದಿಸಿ ಪತ್ರ ಕೊಡುವುದು ಸೂಕ್ತವಲ್ಲ.

ಆದಾಯವನ್ನು ಹೆಚ್ಚಿಸಿ ಬರೆಸಿದರೆ

ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ, ವಾರ್ಷಿಕ 3 ಲಕ್ಷ ರೂ.ವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವು ಕಿರುಸಾಲವಾಗುತ್ತದೆ. ಅಂತಹ ಕುಟುಂಬವು ಎಲ್ಲ ಸಾಲಗಳಿಗೂ ಸೇರಿ ಕಟ್ಟುವ ಮಾಸಿಕ ಕಂತು, ಅದರ ಮಾಸಿಕ ಆದಾಯದ ಶೇ. 50 ಮೀರಬಾರದು. ವರ್ಷಕ್ಕೆ 1,20,000 ರೂ. ಗಳಿಸುವ ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮಾಸಿಕ ಆದಾಯ 10,000 ರೂ. ಆದ್ದರಿಂದ ಕಂತಿನ ಮಿತಿ 5,000 ರೂ. ಸಾಲ ಬೇಗ ಸಿಗಲೆಂದು ಆದಾಯವನ್ನು 2,40,000 ರೂ. ಎಂದು ಬರೆಸಿದರೆ, ಕಾಗದದ ಮೇಲೆ ಮಿತಿಯು 10,000 ರೂ. ಆಗುತ್ತದೆ. ಅಂದರೆ ಮನೆಯ ಇಡೀ ಗಳಿಕೆಯನ್ನು ಕಂತಿಗೇ ಕೊಟ್ಟು ಬರಿಗೈಯಲ್ಲಿ ಕೂರಬೇಕಾಗುತ್ತದೆ. ಕುಟುಂಬವನ್ನು ಕಾಯಬೇಕಾದ ನಿಯಮವನ್ನು ಒಂದು ಸುಳ್ಳು ಅಂಕಿ ಮುರಿದುಹಾಕುತ್ತದೆ. ಏಜೆಂಟರು ಅಂಕಿಯನ್ನು ತಾವೇ ತುಂಬುವೆವೆಂದರೆ ಒಪ್ಪಬಾರದು. ಅರ್ಜಿಯಲ್ಲಿ ಬರೆದುದನ್ನು ಓದಿಸಿ ಕೇಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕಿರುಸಾಲ ವಸೂಲಿಯಲ್ಲಿ ನಡೆಯುವ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರವು 2025ರಲ್ಲಿ ಕಾನೂನು ತಂದಿದೆ. ಆದರೂ ತೀರಿಸಲಾಗದ ಸಾಲವನ್ನು ಮೊದಲೇ ತಡೆಯುವುದು ಲೇಸು.

ಆ್ಯಪ್‌ಗಳ ವಿಷಯದಲ್ಲಿ ಎಚ್ಚರ

ಬ್ಯಾಂಕ್ ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯ ಪರವಾಗಿ ಸಾಲ ನೀಡುವ ಆ್ಯಪ್, ಆದಾಯ ತಿಳಿಯಲು ಬ್ಯಾಂಕ್ ಖಾತೆಯ ವಿವರ ಕೇಳಬಹುದು. ಆದರೆ ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳು, ಕರೆಗಳ ಪಟ್ಟಿ ಮತ್ತು ಫೈಲುಗಳನ್ನು ನೋಡುವಂತಿಲ್ಲ. ಅವನ್ನು ಕೇಳುವ ಆ್ಯಪ್ ಅನ್ನು ಅಲ್ಲಿಗೇ ಬಿಡತಕ್ಕದ್ದು. ಆದಾಯ ಪರಿಶೀಲನೆಗೆಂದು ಯಾರೇ ಕರೆ ಮಾಡಿ ಓಟಿಪಿ ಅಥವಾ ಪಿನ್ ಕೇಳಿದರೂ ಕೊಡಬಾರದು. ತಿಂಗಳಿಗಿಷ್ಟು ಹಣ ಕೊಡುವೆವೆಂದು ಖಾತೆಯನ್ನು ಬಾಡಿಗೆಗೆ ಕೇಳುವವರೂ ಉಂಟು. ಅಂತಹ ಖಾತೆಗೆ ವಂಚನೆಯ ಹಣ ಬಂದರೆ ಪೊಲೀಸರು ಮೊದಲು ವಿಚಾರಿಸುವುದು ಖಾತೆದಾರರನ್ನೇ. ವಂಚನೆಯಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಸರಿಯಾದ ದಾಖಲೆ ಕೊಟ್ಟರೂ ಬ್ಯಾಂಕ್ ಸ್ಪಂದಿಸದಿದ್ದರೆ ಲಿಖಿತ ದೂರು ನೀಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಇದರ ಮಾಹಿತಿಗೆ ಸಹಾಯವಾಣಿ ಸಂಖ್ಯೆ 14448.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಮುಂದಿನ ವಾರ್ಡ್ ಸಭೆಯಲ್ಲಿ ಗುರುತು, ಹಣದ ಮೂಲ ಮತ್ತು ಆದಾಯದ ಪ್ರಮಾಣ ಇವುಗಳ ವ್ಯತ್ಯಾಸವನ್ನು ವಿವರಿಸುವುದು.
2. ಪಹಣಿ, ಮಾರಾಟದ ಪಟ್ಟಿ, ವೇತನ ಚೀಟಿ ಮತ್ತು ಪಾಸ್‌ಬುಕ್‌ಗಳನ್ನು ಪ್ರತಿ ಮನೆಯಲ್ಲೂ ಒಂದೇ ಚೀಲದಲ್ಲಿ ಇಡುವಂತೆ ಹೇಳುವುದು.
3. ತೊಗರಿ ಮಾರಾಟದ ಕಾಲದಲ್ಲಿ ಪಾಸ್‌ಬುಕ್‌ಗೆ ನಮೂದು ಹಾಕಿಸಿಕೊಳ್ಳಲು ನೆನಪಿಸುವುದು.
4. ಆದಾಯದ ಪತ್ರ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸದೆ, ಅವರ ಬಳಿ ಈಗಾಗಲೇ ಇರುವ ದಾಖಲೆ ಯಾವುದೆಂದು ಕೂಡಿ ಕುಳಿತು ಹುಡುಕುವುದು.

ದುಡಿದವರ ಹಣಕ್ಕೆ ಮೂಲ ಇದ್ದೇ ಇರುತ್ತದೆ. ಅದರ ಕುರುಹು ಕಳೆದುಹೋಗದಂತೆ ನೋಡಿಕೊಳ್ಳಲು ಸದಸ್ಯರು ನೆರವಾಗಬೇಕೆಂದು ಕೋರಲಾಗಿದೆ.