ನಿಪ್ಪಾಣಿಯ ತಂಬಾಕಿನ ವಖಾರಿಯೂ ಅಲ್ಪವ್ಯಯದ ಚಲಚ್ಚಿತ್ರವೂ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿಸೀಮೆಯು ಶ್ರೀಕೃಷ್ಣ ಪಾರಿಜಾತದ ಆಟಕ್ಕೂ ಕನ್ನಡ ಮರಾಠಿಗಳು ಬೆರೆತ ಮಾತಿಗೂ ಹೆಸರಾದುದೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ಭಾರತದ ಚಲಚ್ಚಿತ್ರಚರಿತ್ರೆಯಲ್ಲಿಯೂ ಈ ಸೀಮೆಗೆ ಒಂದು ಸ್ಥಾನವುಂಟೆಂಬ ಸಂಗತಿಯು ಮಾತ್ರ ಕನ್ನಡಿಗರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ತಂಬಾಕಿನ ವಖಾರಿಗಳಲ್ಲಿ ದುಡಿಯುವ ನಿಪ್ಪಾಣಿಯ ಹೆಂಗಸರನ್ನು ಕುರಿತು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸುಮಾರು ೨೫ ನಿಮಿಷಗಳ ಕಿರುಚಿತ್ರವೊಂದು ೧೯೮೨ರಲ್ಲಿ ೧೬ ಮಿಲಿಮೀಟರ್ ಫಿಲ್ಮಿನ ಮೇಲೆ ತಯಾರಾಯಿತು. ‘ಊಬ್’ ಎಂದರೆ ಮರಾಠಿಯಲ್ಲಿ ಕಾವು. ಇದನ್ನು ನಿರ್ಮಿಸಿದವರು ೧೯೮೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಯುಗಾಂತರ’ವೆಂಬ ಬಳಗದವರು, ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಇದರಲ್ಲಿದ್ದರು. ಕರ್ಣಾಟಕದ ನೆಲದಲ್ಲಿ ತೆಗೆದ ಚಿತ್ರವು ಮರಾಠಿಯನ್ನಾಡುವುದು ಗಡಿಯನ್ನು ಬಲ್ಲವರಿಗೆ ವಿಚಿತ್ರವೆನಿಸಲಾರದು.

ಹಣವಿಲ್ಲದವರು ಫಿಲ್ಮಿನ ಮೇಲೆ ಚಿತ್ರ ತೆಗೆಯುವ ಬಗೆಯನ್ನು ತಿಳಿಯಲು ಮೊದಲು ಅಳತೆಯ ಲೆಕ್ಕವನ್ನು ನೋಡತಕ್ಕದ್ದು. ಚಿತ್ರಮಂದಿರಗಳ ೩೫ ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ ೧೬ ಬಿಂಬಗಳು ಹಿಡಿಯುತ್ತವೆ; ೧೯೨೩ರಲ್ಲಿ ಕೊಡಾಕ್ ಸಂಸ್ಥೆಯು ಬಳಕೆಗೆ ತಂದ ೧೬ ಮಿಲಿಮೀಟರ್ ಫಿಲ್ಮಿನಲ್ಲಿಯಾದರೋ ೪೦. ಕ್ಷಣಕ್ಕೆ ೨೪ ಬಿಂಬಗಳಂತೆ ಓಡಿಸಿದರೆ ಮೊದಲನೆಯದು ನಿಮಿಷಕ್ಕೆ ೯೦ ಅಡಿ, ಎರಡನೆಯದು ೩೬ ಅಡಿ ವ್ಯಯವಾಗುತ್ತದೆ. ೨೫ ನಿಮಿಷದ ಚಿತ್ರಕ್ಕೆ ೨,೨೫೦ ಅಡಿಯ ಬದಲು ೯೦೦ ಅಡಿ ಸಾಲುವುದು. ಅಗಲವೂ ಅರ್ಧಕ್ಕಿಂತ ಕಡಿಮೆ. ಆದರೆ ತೆಗೆದುದೆಲ್ಲ ಚಿತ್ರದಲ್ಲಿ ಉಳಿಯುವುದಿಲ್ಲ. ಒಂದಕ್ಕೆ ನಾಲ್ಕರಂತೆ ತೆಗೆದರೂ ೩,೬೦೦ ಅಡಿ, ಎಂದರೆ ೪೦೦ ಅಡಿಯ ಒಂಬತ್ತು ಸುರುಳಿಗಳು ಬೇಕು. ಒಂದೊಂದು ಸುರುಳಿಯೂ ಹನ್ನೊಂದು ನಿಮಿಷಗಳಲ್ಲಿ ತೀರಿಹೋಗುತ್ತದೆ. ಸಂಸ್ಕರಣಕ್ಕೆ ಸುರುಳಿಗಳು ದೊಡ್ಡ ನಗರದ ಪ್ರಯೋಗಾಲಯಕ್ಕೆ ಹೋಗಬೇಕಾದುದರಿಂದ, ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ತೆಗೆದ ಸಂದರ್ಭವೇ ಕಳೆದಿರುತ್ತದೆ. ಆದುದರಿಂದ ಅಲ್ಪವ್ಯಯದವನು ಫಿಲ್ಮಿಗೆ ಬದಲಾಗಿ ವೇಳೆಯನ್ನು ವ್ಯಯಿಸಬೇಕು.

ಯುಗಾಂತರದವರು ಮಾಡಿದುದೂ ಇದನ್ನೇ. ನಿಪ್ಪಾಣಿಯ ಹೆಂಗಸರೊಡನೆ ಅವರು ನಾಲ್ಕು ತಿಂಗಳು ಕಳೆದರು. ಆ ಕಾಲದಲ್ಲಿ ಊರಿನ ಹೆಸರು ಹೊರಗೆ ಕೇಳಿಬಂದುದು ೧೯೮೧ರಲ್ಲಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ನಡೆಸಿದ ಚಳವಳಿಯಿಂದ. ವಖಾರಿಯೊಳಗೆ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ದಿನವೆಲ್ಲ ಘಾಟನ್ನು ಕುಡಿಯುವ ಕೂಲಿಹೆಂಗಸರ ಸಂಘಟನೆಯು ಬೇರೆಯೇ ಕಥೆ; ಇವೆರಡನ್ನೂ ಒಂದಾಗಿ ಎಣಿಸಲಾಗದು. ಮೂರು ಸಾವಿರಕ್ಕೂ ಮಿಕ್ಕ ಹೆಂಗಸರು ಕೂಡಿದ್ದ ಈ ಸಂಘಟನೆಯಲ್ಲಿ, ಏನನ್ನು ತೆಗೆಯಬೇಕು, ಎಲ್ಲಿ ಕ್ಯಾಮರಾ ಇಡಬೇಕು ಎಂಬ ವಿಷಯಗಳಲ್ಲಿ ಚಿತ್ರ ತೆಗೆಯುವವರು ಹೆಂಗಸರ ಮಾತಿನಂತೆ ನಡೆದರು. ಅದುವರೆಗೆ ಹೊರಗಿನವರು ಕಂಡಿರದ ಕಾರ್ಖಾನೆಯ ಒಳಗು ಚಿತ್ರದಲ್ಲಿ ಬಂದುದು ಹೀಗೆ.

ಒಳಗಿನ ಬೆಳಕಿನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ವಖಾರಿಯೆಂಬುದು ಸರಕನ್ನು ಕಾಪಾಡಲು ಕಟ್ಟಿದ ಕಟ್ಟಡ, ಮನುಷ್ಯರ ಕಣ್ಣಿಗಾಗಿ ಕಟ್ಟಿದುದಲ್ಲ. ದೀಪಗಳನ್ನು ತರಿಸಿದರೆ ವೆಚ್ಚ, ವಿದ್ಯುತ್ತಿನ ತಂತಿ, ಆಳುಗಳು, ಮಾಲಿಕನ ಅಪ್ಪಣೆ, ಎಲ್ಲವೂ ಬೇಕಾಗುತ್ತವೆ. ಮೇಲಾಗಿ ಧೂಳಿನ ಕಣಗಳು ಬೆಳಕನ್ನು ಚೆದುರಿಸಿ ಬಿಂಬವನ್ನು ಮಸುಕುಮಾಡುತ್ತವೆ. ಮಂದಬೆಳಕನ್ನು ಹಿಡಿಯಬಲ್ಲ ತೀಕ್ಷ್ಣ ಫಿಲ್ಮನ್ನು ಹಾಕಿದರೆ ಬೆಳ್ಳಿಯ ಕಣಗಳು ದಪ್ಪನಾಗಿ ಪರದೆಯ ಮೇಲೆ ಮರಳಿನಂತೆ ಕಾಣುವುವು. ಕಪ್ಪುಬಿಳುಪಿನಲ್ಲಿ ಈ ಕಣಗಳು ದೋಷವೆನಿಸದೆ ದೃಶ್ಯದ ಧೂಳಿಗೆ ಹೊಂದಿಕೊಳ್ಳುತ್ತವೆ. ಕಾಂಟ್ರಾಕ್ಟರರು ಇಂತಹ ಕೆಲಸಕ್ಕೆ ಹೊಸಬರಾಗಿರಲಿಲ್ಲ, ಮಣಿ ಕೌಲರ ‘ದುವಿಧಾ’ವನ್ನು (೧೯೭೩) ಅವರು ೧೬ ಮಿಲಿಮೀಟರಿನಲ್ಲಿಯೇ ತೆಗೆದಿದ್ದರು, ಅದನ್ನು ಬಳಿಕ ೩೫ಕ್ಕೆ ಹಿಗ್ಗಿಸಲಾಯಿತು.

ಇನ್ನು ವಿವಾದಕ್ಕೆ ಎಡೆಯಿರುವ ವಿಷಯ. ಚಿತ್ರದ ಕೆಲವು ಪ್ರಸಂಗಗಳನ್ನು ಹೆಂಗಸರು ತಾವೇ ಪುನಃ ನಟಿಸಿ ತೋರಿಸಿದರು. ನಡೆದುದನ್ನು ಮತ್ತೆ ಆಡಿ ತೋರಿಸಿದರೆ ಅದು ಸತ್ಯಚಿತ್ರವೆನಿಸುವುದೆ ಎಂದು ಆಕ್ಷೇಪಿಸಬಹುದು. ವೆಚ್ಚದ ದೃಷ್ಟಿಯಿಂದ ಹೇಳುವುದಾದರೆ, ಮುಷ್ಕರವು ಕ್ಯಾಮರಾಕ್ಕಾಗಿ ಕಾಯುವುದಿಲ್ಲ. ಕಾದು ಕುಳಿತು ಸುರುಳಿಗಳನ್ನು ಓಡಿಸುತ್ತಿರಲು ಬಡವನಿಂದಾಗದು. ಆದರೆ ಈ ಸಮಾಧಾನವು ಪೂರ್ಣವಾದುದಲ್ಲ. ತಮಗೆ ಸಂಭವಿಸಿದುದನ್ನು ತಾವೇ ಕೂಡಿ ಚರ್ಚಿಸಿ ಆಡುವಾಗ, ಯಾವುದು ಮುಖ್ಯ, ಯಾವುದು ಅಮುಖ್ಯವೆಂಬ ನಿರ್ಣಯವು ಅನುಭವಿಸಿದವರದೇ ಆಗುತ್ತದೆ. ಹೊರಗಿನವನು ಅಕಸ್ಮಾತ್ತಾಗಿ ಹಿಡಿದ ದೃಶ್ಯದಲ್ಲಿ ಈ ಅಧಿಕಾರವು ಅವರಿಗಿಲ್ಲ. ರಾಯಬಾಗ ಅಥಣಿಗಳ ಕಡೆ ಪಾರಿಜಾತವನ್ನು ರಾತ್ರಿಯೆಲ್ಲ ನೋಡಿದ ಪ್ರೇಕ್ಷಕನು, ಬಲ್ಲ ಕಥೆಯನ್ನು ಮತ್ತೆ ಆಡಿದರೆಂದು ಅದನ್ನು ಸುಳ್ಳೆನ್ನುವುದಿಲ್ಲವಷ್ಟೆ.

ಧ್ವನಿಯಲ್ಲಿಯೂ ಮಿತವ್ಯಯಕ್ಕೊಂದು ದಾರಿಯಿದೆ. ತುಟಿಯ ಚಲನೆಗೆ ಸರಿಯಾಗಿ ಮಾತನ್ನು ಹಿಡಿಯಲು ಸದ್ದಿಲ್ಲದ ಕ್ಯಾಮರಾ ಬೇಕು, ಮಾತು ಮುಗಿಯುವವರೆಗೆ ಫಿಲ್ಮು ಓಡುತ್ತಿರಬೇಕು. ಮಾತನ್ನು ಬೇರೆಯಾಗಿ ಟೇಪಿನ ಮೇಲೆ ಹಿಡಿದು ಚಿತ್ರದ ಮೇಲೆ ಕೂಡಿಸಿದರೆ ಗಂಟೆಗಟ್ಟಲೆ ಸಂಭಾಷಣೆಯೂ ಅಗ್ಗವಾಗುವುದು. ಈ ಚಿತ್ರದಲ್ಲಿ ಕೇಳಿಬರುವ ನಿರೂಪಣೆಯ ಮಾತಿನಲ್ಲಿ ಕಾರ್ಮಿಕ ಹೆಂಗಸರಿಗೂ ಪಾಲಿತ್ತು.

೧೬ ಮಿಲಿಮೀಟರಿನ ಪ್ರತಿಯನ್ನೂ ಅದರ ಯಂತ್ರವನ್ನೂ ಹೊತ್ತುಕೊಂಡು ಹೋಗಿ ಗೋಡೆಯ ಮೇಲಿನ ಬಟ್ಟೆಗೂ ತೋರಿಸಬಹುದು. ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿಯಬೇಕಿಲ್ಲ. ಆದರೆ ಈ ಸೌಲಭ್ಯಕ್ಕೆ ಬೆಲೆಯುಂಟು. ಪ್ರತಿಗಳು ಓಡಿ ಓಡಿ ಗೀಚಿಹೋಗುತ್ತವೆ. ಅಸಿಟೇಟಿನ ಫಿಲ್ಮು ಸೆಕೆಯಲ್ಲಿಯೂ ತೇವದಲ್ಲಿಯೂ ಹುಳಿವಾಸನೆ ಬಿಡುತ್ತ ಮುದುರಿ ಹಾಳಾಗುತ್ತದೆ. ಯುಗಾಂತರದ ನಾಲ್ಕು ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯು ಜೀರ್ಣೋದ್ಧಾರಗೊಳಿಸಿ ಡಿಜಿಟಲ್ ರೂಪಕ್ಕೆ ತಂದಿತು. ಕಾಂಟ್ರಾಕ್ಟರರು ೨೦೨೩ರಲ್ಲಿ ತೀರಿಕೊಂಡರು. ನಿಪ್ಪಾಣಿಯು ಈಗ ಚಿಕ್ಕೋಡಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಗಿದೆ. ಆ ಹೆಂಗಸರ ಗಡಿಮರಾಠಿಯ ಉಚ್ಚಾರವನ್ನು ಕೇಳಬಯಸುವ ಭಾಷಾಶಾಸ್ತ್ರಜ್ಞನಿಗೂ ಈ ೨೫ ನಿಮಿಷಗಳು ಒದಗುತ್ತವೆ.