ತಿದ್ದುವ ತೋಳು, ಬಿಡುವ ತೋಳು

ಚೆಂಡನ್ನು ಬೀಸಿ ಎಸೆಯುವುದು ಮನುಷ್ಯನಿಗೆ ಹುಟ್ಟಿನೊಡನೆ ಬರುವ ವಿದ್ಯೆಯೆಂದೇ ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಮಾವಿನಮರಕ್ಕೆ ಕಲ್ಲು ಬೀರುವ ಹುಡುಗನಿಗೆ ಯಾವ ಗುರುವೂ ಪಾಠ ಹೇಳಿರುವುದಿಲ್ಲ; ಆದರೂ ಅವನ ಕಲ್ಲು ಕಾಯಿಗೆ ತಾಗುತ್ತದೆ. ಆದರೆ ಅದೇ ಹುಡುಗನು ಮುಂದೆ ಕಾಲೇಜಿನ ಕ್ರಿಕೆಟ್ ತಂಡವನ್ನು ಸೇರಿ, ಅಲ್ಲಿಂದ ರಾಜ್ಯದ ತಂಡದ ಕಡೆಗೆ, ಅದಕ್ಕೂ ಆಚೆಗೆ ಕಣ್ಣು ಹಾಯಿಸಿದನೆಂದರೆ, ಅಂದಿನಿಂದ ಅವನ ತೋಳಿನ ಒಂದೊಂದು ಕೀಲೂ ಪರೀಕ್ಷೆಗೆ ಒಳಗಾಗುತ್ತದೆ. ಮೊಣಕೈ ಬಾಗುತ್ತಿದೆಯೇ, ಭುಜ ಅಕಾಲದಲ್ಲಿ ತೆರೆದುಕೊಳ್ಳುತ್ತಿದೆಯೇ, ಮುಂಗಾಲು ಊರಿದ ಮೇಲೆ ಮೈ ಪಕ್ಕಕ್ಕೆ ವಾಲುತ್ತಿದೆಯೇ ಎಂದು ನೋಡುವ ಕಣ್ಣುಗಳು ಹತ್ತಾರು. ತಿದ್ದಲು ಮುಂದಾಗುವ ಕೈಗಳೂ ಅಷ್ಟೇ. ಈ ತಿದ್ದುಪಡಿಯಲ್ಲಿ ಯಾವುದು ಹಿತ, ಯಾವುದು ಅಹಿತ ಎಂಬ ಪ್ರಶ್ನೆಯ ಮೇಲೆ ಎಷ್ಟೋ ತರುಣರ ಭವಿಷ್ಯವು ನಿಂತಿದೆ. ಇದಕ್ಕೆ ಉತ್ತರವನ್ನರಸಿ ನಾವು ದೂರ ಹೋಗಬೇಕಾದುದಿಲ್ಲ. ಹಳೆಯ ಬೆಂಗಳೂರಿನ ಬೀದಿಗಳಲ್ಲಿಯೂ ಮೈದಾನಗಳಲ್ಲಿಯೂ ಆಡಿ ಬೆಳೆದವರ ಚರಿತ್ರೆಯೇ ಸಾಕು.

ಮೊದಲು ವಿಷಯದ ಸ್ವರೂಪವನ್ನಷ್ಟು ನೋಡೋಣ. ಎಸೆತದ ಬಲವು ತೋಳಿನಲ್ಲಿ ಹುಟ್ಟುವುದಿಲ್ಲ. ಅದು ಪಾದವು ನೆಲವನ್ನು ಒತ್ತುವಲ್ಲಿ ಹುಟ್ಟಿ, ಮೊಣಕಾಲು, ಸೊಂಟ, ಬೆನ್ನು, ಭುಜ ಎಂಬ ಕ್ರಮದಲ್ಲಿ ಮೇಲೇರಿ, ಕಟ್ಟಕಡೆಗೆ ಮಣಿಕಟ್ಟು ಮತ್ತು ಬೆರಳುಗಳ ಮೂಲಕ ಚೆಂಡನ್ನು ಸೇರುತ್ತದೆ. ಈ ಪರಂಪರೆಯಲ್ಲಿ ಒಂದು ಅಂಗವು ತನ್ನ ಸರದಿಗೆ ಮುಂಚೆಯೇ ಚಲಿಸಿದರೆ ಚೆಂಡು ಗುರಿ ತಪ್ಪುತ್ತದೆ; ಒಂದು ಅಂಗವು ತನ್ನ ಕೆಲಸವನ್ನು ಮಾಡದಿದ್ದರೆ ಅದರ ಹೊರೆಯನ್ನು ಮುಂದಿನ ಅಂಗವು ಹೊರಬೇಕಾಗಿ, ಕೆಲವು ವರ್ಷಗಳಲ್ಲಿ ಭುಜವೋ ಬೆನ್ನೋ ಸೋತುಹೋಗುತ್ತದೆ. ಕ್ರಿಕೆಟಿನ ಬೌಲರಿಗೆ ಇದರ ಜೊತೆಗೆ ನಿಯಮದ ಕಟ್ಟೊಂದುಂಟು. ತೋಳು ಭುಜದ ಮಟ್ಟಕ್ಕೆ ಬಂದಮೇಲೆ ಚೆಂಡು ಕೈಬಿಡುವ ತನಕ, ಬಾಗಿದ ಮೊಣಕೈಯನ್ನು ಅವನು ನೆಟ್ಟಗೆ ಮಾಡಬಾರದು. 2005ರಿಂದ ಈಚೆಗೆ ಈ ವಿಷಯದಲ್ಲಿ ಎಲ್ಲ ಬಗೆಯ ಬೌಲರುಗಳಿಗೂ 15 ಡಿಗ್ರಿಗಳ ಮಿತಿಯನ್ನು ಇಟ್ಟಿದ್ದಾರೆ. ಅದನ್ನು ಮೀರಿದವನ ಎಸೆತ ಎಷ್ಟೇ ಮನೋಹರವಾಗಿದ್ದರೂ ಅವನಿಗೆ ಆಟದಲ್ಲಿ ಸ್ಥಾನವಿಲ್ಲ.

ಬಲ್ಲ ಗುರುವು ಇದನ್ನು ಹೇಗೆ ನೋಡುತ್ತಾನೆಂಬುದನ್ನು ಯಾವ ಸಂಜೆಯಾದರೂ ನೆಟ್ಸಿನ ಬಳಿ ಹೋಗಿ ನಿಂತವರು ಕಾಣಬಹುದು. ಅವನು ಹುಡುಗನ ಹಿಂದುಗಡೆ, ಅಂಪೈರು ನಿಲ್ಲುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಪಕ್ಕಕ್ಕೆ ಸರಿದು, ಕೊನೆಗೆ ದಾಂಡಿಗನ ಕಡೆಯಿಂದಲೂ ನೋಡುತ್ತಾನೆ. ಮೊದಲ ಹತ್ತು ಹದಿನೈದು ಚೆಂಡುಗಳ ತನಕ ಬಾಯಿ ಬಿಡುವುದಿಲ್ಲ. ತರುವಾಯ ಓಟವನ್ನು ನಿಲ್ಲಿಸಿ, ನಿಂತಲ್ಲಿಂದಲೇ ಒಂದು ಹೆಜ್ಜೆಯಿಟ್ಟು ಎಸೆಯಹೇಳುತ್ತಾನೆ. ಓಟದ ರಭಸದಲ್ಲಿ ಮರೆಯಾಗಿದ್ದ ದೋಷವು ಆಗ ಹೊರಬೀಳುತ್ತದೆ. ಪಿಚ್ಚಿನ ಮೇಲೆ ಒಂದು ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳಬೇಕೆಂದು ಹೇಳಿ ಸುಮ್ಮನಾಗುವುದೂ ಉಂಟು. ತೋಳಿನ ಮಾತನ್ನೇ ಎತ್ತದೆ ತೋಳನ್ನು ತಿದ್ದುವ ಈ ಉಪಾಯವು ಬಹಳ ಹಳೆಯದು. ಇಂದು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು, ಅದನ್ನು ನಿಧಾನಗೊಳಿಸಿ ತೋರಿಸುವ ಕಾಲದಲ್ಲಿಯೂ ಅದರ ಬೆಲೆ ಕಡಮೆಯಾಗಿಲ್ಲ.

ಈಗ ಉದಾಹರಣೆಗೆ ಬರೋಣ. ಕಾಸರಗೋಡಿನ ಕುಂಬಳೆಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಕುಟುಂಬದಲ್ಲಿ, 1970ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅನಿಲ್ ಕುಂಬ್ಳೆ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿಯೂ ನ್ಯಾಷನಲ್ ಕಾಲೇಜಿನಲ್ಲಿಯೂ ಓದಿದವರು. ಹದಿಮೂರನೆಯ ವಯಸ್ಸಿನಲ್ಲಿ 'ಯಂಗ್ ಕ್ರಿಕೆಟರ್ಸ್' ಎಂಬ ಕ್ಲಬ್ಬನ್ನು ಸೇರಿದ ಅವರು ಮೊದಲಿಗೆ ಮಧ್ಯಮವೇಗದ ಬೌಲರಾಗಿದ್ದರು. ಆದರೆ ಅವರ ಕೈ ನಿಯಮಕ್ಕೆ ಒಪ್ಪುವುದೇ ಎಂಬ ಸಂದೇಹ ತಲೆದೋರಿತು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು: ತೋಳನ್ನು ಬಲಾತ್ಕಾರದಿಂದ ಬೇರೊಂದು ಅಚ್ಚಿಗೆ ಹೊಯ್ಯಲು ಹೋಗಿ ಹುಡುಗನ ಸಹಜ ವೇಗವನ್ನೂ ಆತ್ಮವಿಶ್ವಾಸವನ್ನೂ ಒಟ್ಟಿಗೆ ಕಳೆಯುವುದು, ಅಥವಾ ಬೌಲಿಂಗನ್ನೇ ಬಿಡಿಸಿ ಬ್ಯಾಟನ್ನು ಕೈಗೆ ಕೊಡುವುದು. ಅಣ್ಣ ದಿನೇಶ್ ಮೂರನೆಯ ದಾರಿಯೊಂದನ್ನು ತೋರಿಸಿದರು. ವೇಗವನ್ನು ಬಿಟ್ಟು ಲೆಗ್ ಸ್ಪಿನ್ನನ್ನು ಹಿಡಿಯುವಂತೆ ಅವರು ಹೇಳಿದ ಆ ಮಾತು ತರಬೇತಿಯ ದೃಷ್ಟಿಯಿಂದ ಗಮನಾರ್ಹವಾದುದು. ಅದು ದೋಷವಿದ್ದ ಕಡೆಯಲ್ಲಿ ಮಾತ್ರ ಕೈಯಿಟ್ಟು, ಗುಣವಿದ್ದುದನ್ನೆಲ್ಲ ಹಾಗೆಯೇ ಉಳಿಸಿತು.

ಉಳಿದ ಗುಣಗಳು ಯಾವುವೆಂದರೆ: ಆರಡಿಗೂ ಮೀರಿದ ನಿಲುವು, ಕಿವಿಯ ಪಕ್ಕದಲ್ಲಿ ನೆಟ್ಟಗೆ ಮೇಲೆದ್ದು ಬರುವ ತೋಳು, ವೇಗದ ಬೌಲರಿನಂತೆ ದಾಪುಗಾಲಿಟ್ಟು ಓಡಿಬರುವ ರೀತಿ. ಲೆಗ್ ಸ್ಪಿನ್ನರು ಎಂದರೆ ಚೆಂಡನ್ನು ಗಾಳಿಯಲ್ಲಿ ಮೆಲ್ಲನೆ ತೇಲಿಸಿ, ಮೊಳದುದ್ದ ತಿರುಗಿಸತಕ್ಕವನೆಂಬುದು ಪುಸ್ತಕದ ಲಕ್ಷಣ. ಕುಂಬ್ಳೆಯವರ ಚೆಂಡು ತಿರುಗಿದುದಕ್ಕಿಂತ ಪುಟಿದುದೇ ಹೆಚ್ಚು; ಎತ್ತರದಿಂದ ಬಿದ್ದು, ಮೇಲ್ತಿರುವಿನ ಬಲದಿಂದ ಚಕ್ಕನೆ ಮೇಲೆದ್ದು, ದಾಂಡಿಗನು ಬ್ಯಾಟನ್ನು ಇಳಿಸುವಷ್ಟರಲ್ಲಿ ಅದು ಪ್ಯಾಡನ್ನೋ ಕೈಗವಸನ್ನೋ ಮುಟ್ಟಿರುತ್ತಿತ್ತು. ಬೆಂಗಳೂರಿನ ಲೀಗ್ ಪಂದ್ಯಗಳನ್ನು ಬಹುಕಾಲ ಆಡುತ್ತಿದ್ದುದು ಮ್ಯಾಟಿಂಗಿನ ಮೇಲೆ. ನಾರಿನ ಚಾಪೆಯ ಮೇಲೆ ಬಿದ್ದ ಚೆಂಡು ಎತ್ತರಕ್ಕೆ ಪುಟಿಯುತ್ತದೆ. ಅಂಥ ನೆಲವು ಅಂಥ ತೋಳಿಗೆ ಅನುಕೂಲವಾದ ಗುರುವೆಂದೇ ಹೇಳಬೇಕು.

1989ರ ನವೆಂಬರಿನಲ್ಲಿ ಅವರು ಕರ್ನಾಟಕದ ಪರವಾಗಿ ಹೈದರಾಬಾದಿನ ಎದುರಿಗೆ ಆಡಿದರು. ಮರುವರ್ಷದ ಏಪ್ರಿಲಿನಲ್ಲಿ ಷಾರ್ಜಾದಲ್ಲಿ ಭಾರತದ ಏಕದಿನ ತಂಡಕ್ಕೂ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನ ಟೆಸ್ಟಿಗೂ ಬಂದಾಗ, ಅವರಿನ್ನೂ ರಾಷ್ಟ್ರೀಯ ವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಆ ಒಂದು ಟೆಸ್ಟಿನ ಬಳಿಕ ಎರಡು ವರ್ಷಗಳಿಗೂ ಮಿಕ್ಕಿ ಅವರಿಗೆ ಟೆಸ್ಟ್ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಚೆಂಡನ್ನು ತಿರುಗಿಸಲಾರದ ಇವರೆಂಥ ಲೆಗ್ ಸ್ಪಿನ್ನರೆಂಬ ಆಕ್ಷೇಪವು ಅವರ ಬೆನ್ನಿಗೆ ಬಹುಕಾಲ ಅಂಟಿಕೊಂಡಿತ್ತು. ಅವರು ಮೆಕ್ಯಾನಿಕಲ್ ಇಂಜಿನಿಯರಿಂಗಿನ ಪದವಿಯನ್ನು ಮುಗಿಸಿದರು. ತೋಳನ್ನು ಮಾತ್ರ ಬದಲಾಯಿಸಲಿಲ್ಲ. 1992ರಲ್ಲಿ ದೆಹಲಿಯ ಇರಾನಿ ಟ್ರೋಫಿ ಪಂದ್ಯದಲ್ಲಿ 13 ವಿಕೆಟುಗಳನ್ನು ತೆಗೆದು ಮರಳಿ ತಂಡಕ್ಕೆ ಬಂದವರು, ಅದೇ ವರ್ಷ ಜೊಹಾನ್ಸ್‌ಬರ್ಗಿನ ಟೆಸ್ಟಿನಲ್ಲಿ 53 ಓಟಗಳಿಗೆ 6 ವಿಕೆಟುಗಳನ್ನು ಕೆಡವಿದರು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟುಗಳನ್ನೂ ಒಬ್ಬರೇ 74 ಓಟಗಳಿಗೆ ಪಡೆದುದು ಲೋಕವಿದಿತವಾದ ಸಂಗತಿ. 132 ಟೆಸ್ಟುಗಳಲ್ಲಿ 619 ವಿಕೆಟುಗಳನ್ನು ಪಡೆದು ಅವರು 2008ರಲ್ಲಿ ನಿವೃತ್ತರಾದರು.

ಆದರೆ ತೋಳನ್ನು ಹಾಗೆಯೇ ಬಿಡುವುದೆಂದರೆ ಏನನ್ನೂ ಕಲಿಯದಿರುವುದೆಂದು ಅರ್ಥವಲ್ಲ. ವರ್ಷಾನುವರ್ಷ ಅಷ್ಟೊಂದು ಓವರುಗಳನ್ನು ಮಾಡಿದ ಭುಜವು ಶಸ್ತ್ರಚಿಕಿತ್ಸೆಯನ್ನು ಬೇಡಿತು. 2001ರಲ್ಲಿ ಆಸ್ಟ್ರೇಲಿಯದ ತಂಡ ಭಾರತಕ್ಕೆ ಬಂದ ಪ್ರಸಿದ್ಧ ಸರಣಿಯಲ್ಲಿ ಅವರು ಆಡಲಾಗಲಿಲ್ಲ. ಗುಣಹೊಂದಿ ಬಂದಮೇಲೆ ಅವರು ವೇಗವನ್ನು ಹೆಚ್ಚುಕಡಮೆ ಮಾಡುವುದನ್ನೂ ನಿಧಾನಗತಿಯ ಗೂಗ್ಲಿಯನ್ನೂ ರೂಢಿಸಿಕೊಂಡರು. 2003–04ರಲ್ಲಿ ಆಸ್ಟ್ರೇಲಿಯದ ನೆಲದಲ್ಲಿಯೇ ಮೂರು ಟೆಸ್ಟುಗಳಲ್ಲಿ 24 ವಿಕೆಟುಗಳು ಬಂದುವು. ಮೂಲವಿನ್ಯಾಸವನ್ನು ಕೆಡಿಸದೆ ಅದರ ಮೇಲೆ ಹೊಸದನ್ನು ಕಟ್ಟುವ ಈ ಕ್ರಮವೇ ಪ್ರೌಢವಾದ ತರಬೇತಿಯ ಲಕ್ಷಣ.

ಕುಂಬ್ಳೆಯವರಿಗಿಂತ ಒಂದು ತಲೆಮಾರು ಹಿಂದಿನ ಬಿ. ಎಸ್. ಚಂದ್ರಶೇಖರರದು ಇನ್ನೂ ವಿಸ್ಮಯಕರವಾದ ಕಥೆ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿಯೇ ಪೋಲಿಯೊ ತಗುಲಿ ಬಲಗೈ ಸೊರಗಿತು. ಕುಟುಂಬವು ಬೆಂಗಳೂರಿಗೆ ಬಂದಮೇಲೆ ಬೀದಿಯಲ್ಲಿ ರಬ್ಬರ್ ಚೆಂಡಿನಿಂದ ಆಡುತ್ತಿದ್ದ ಹುಡುಗನು, ತೊಗಲಿನ ಚೆಂಡಿನ ಆಸೆಯಿಂದ 'ಸಿಟಿ ಕ್ರಿಕೆಟರ್ಸ್' ತಂಡವನ್ನು ಸೇರಿದನು. ವೇಗದ ಬೌಲಿಂಗ್ ಮೊದಲಾದ ನಾನಾ ಬಗೆಗಳನ್ನು ಪ್ರಯತ್ನಿಸಿ 1963ರಲ್ಲಿ ಲೆಗ್ ಸ್ಪಿನ್ನಿಗೆ ನಿಂತ ಅವರು, 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಟೆಸ್ಟ್ ಆಡುತ್ತಿದ್ದರು! ಮೈದಾನದಿಂದ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಅವರು ಬೌಲ್ ಮಾಡುತ್ತಿದ್ದುದು ಆ ಕೃಶವಾದ ಬಲಗೈಯಿಂದಲೇ. ಅದರ ಬಳುಕಿನಿಂದ ಹೊರಟ ಚೆಂಡು ಯಾವ ಕಡೆಗೆ ಹೊರಳುವುದೋ ದಾಂಡಿಗನಿಗೆ ತಿಳಿಯುತ್ತಿರಲಿಲ್ಲ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟುಗಳನ್ನು ಪಡೆದು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿ, ಆ ದೇಶದಲ್ಲಿ ಭಾರತಕ್ಕೆ ಮೊದಲನೆಯ ಟೆಸ್ಟ್ ಜಯವನ್ನು ತಂದುಕೊಟ್ಟುದು ಆ ತೋಳು. ಲಕ್ಷಣಗ್ರಂಥವನ್ನು ಕೈಯಲ್ಲಿ ಹಿಡಿದ ಗುರುವೊಬ್ಬನು ಅದನ್ನು ಕಂಡಿದ್ದರೆ ಬೌಲಿಂಗಿಗೆ ಅಯೋಗ್ಯವೆಂದು ಮೊದಲ ದಿನವೇ ಬದಿಗೆ ಸರಿಸುತ್ತಿದ್ದನೇನೊ.

ಸಮುದ್ರದಾಚೆಯ ಅಮೆರಿಕದಲ್ಲಿಯೂ ಇದೇ ಸಮಸ್ಯೆ ಬೇರೊಂದು ವೇಷದಲ್ಲಿದೆ. ಅಲ್ಲಿಯ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಿಂದ ಎಸೆದು ಮುಂದಕ್ಕೆ ಸಾಗಿಸುವ ಆಟ. ಎಸೆಯುವ ಆಟಗಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ವಿಶ್ವವಿದ್ಯಾನಿಲಯದ ತಂಡದಲ್ಲಿ ಅವನು ಎಸೆದ ರೀತಿಯನ್ನು ನೋಡಿಯೇ ವೃತ್ತಿಪರ ತಂಡಗಳು ಅವನನ್ನು ಆರಿಸಿಕೊಳ್ಳುತ್ತವೆ. ಫ್ಲಾರಿಡ ವಿಶ್ವವಿದ್ಯಾನಿಲಯದ ಟಿಮ್ ಟೀಬೋ 2007ರಲ್ಲಿ ಕಾಲೇಜು ಆಟಗಾರರ ಪರಮಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿಯನ್ನು ಪಡೆದಿದ್ದರೂ, ಚೆಂಡನ್ನು ಸೊಂಟದ ತನಕ ಇಳಿಸಿ ಸುತ್ತಿಬಳಸಿ ಎಸೆಯುತ್ತಿದ್ದರು. 2010ರ ಆಯ್ಕೆಗೆ ಮೊದಲು ಕೆಲವೇ ತಿಂಗಳುಗಳಲ್ಲಿ ಅದನ್ನು ತಿದ್ದಲು ಯತ್ನಿಸಿದರು. ಆದರೆ ಪಂದ್ಯದ ಒತ್ತಡದಲ್ಲಿ ಹಳೆಯ ಅಭ್ಯಾಸವೇ ಮೇಲಾಯಿತು, ಅವರು ವೃತ್ತಿಪರ ಆಟದಲ್ಲಿ ಹೆಚ್ಚುಕಾಲ ನಿಲ್ಲಲಿಲ್ಲ. ವೈಯೋಮಿಂಗ್ ವಿಶ್ವವಿದ್ಯಾನಿಲಯದ ಜಾಷ್ ಆಲನ್ ಅವರದು ಇದಕ್ಕೆ ವಿರುದ್ಧವಾದ ಕಥೆ. ಅವರ ತೋಳಿನಲ್ಲಿ ಅಪಾರ ಬಲವಿತ್ತು, ಗುರಿಯಿರಲಿಲ್ಲ. 2018ರಲ್ಲಿ ಬಫಲೋ ತಂಡಕ್ಕೆ ಆಡಿದ ಮೊದಲ ವರ್ಷ ಅವರ ಎಸೆತಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 53 ಮಾತ್ರ. ಗುರುಗಳು ತೋಳಿನ ತಂಟೆಗೆ ಹೆಚ್ಚು ಹೋಗದೆ ಪಾದಗಳ ಊರುವಿಕೆಯನ್ನೂ ಸೊಂಟ ತಿರುಗುವ ಕ್ರಮವನ್ನೂ ವರ್ಷಗಟ್ಟಲೆ ತಿದ್ದಿದರು. 2020ರಲ್ಲಿ ಆ ಪ್ರಮಾಣ ನೂರಕ್ಕೆ 69ಕ್ಕೆ ಏರಿತು. 2024ರ ಋತುವಿನಲ್ಲಿ ಅವರು ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. ಮೂಲದಲ್ಲಿ ತಿದ್ದಿದುದು ನಿಂತಿತು. ತುದಿಯಲ್ಲಿ ಅವಸರದಿಂದ ತಿದ್ದಿದುದು ನಿಲ್ಲಲಿಲ್ಲ.

ಅವಸರವೆಂಬ ಮಾತು ಬಂದುದರಿಂದ ಭವಿಷ್ಯದ ವಿಚಾರವನ್ನೂ ಹೇಳಬೇಕು. ಹಿಂದೆ ನಮ್ಮಲ್ಲಿ ಕ್ರಿಕೆಟನ್ನು ನೆಚ್ಚಿ ಓದನ್ನು ಬಿಡುವವರು ವಿರಳ. ಎರಪಳ್ಳಿ ಪ್ರಸನ್ನರು 1962ರಲ್ಲಿಯೇ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ ಬಂದವರು, ಮುಂದೆ ಇಂಜಿನಿಯರಿಂಗ್ ಓದಿಗೆ ಕುಳಿತು, 1967ರ ತನಕ ಟೆಸ್ಟಿನಿಂದ ದೂರವಿದ್ದರು. ಆ ವಿರಾಮದಿಂದ ಅವರ ಕೈಚಳಕವೇನೂ ಕುಂದಲಿಲ್ಲ. 1973–74ರಲ್ಲಿ, ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯನ್ನು ಕೆಡವಿ ಕರ್ನಾಟಕಕ್ಕೆ ಆ ಟ್ರೋಫಿಯನ್ನು ಮೊದಲ ಬಾರಿಗೆ ತಂದ ನಾಯಕರು ಅವರೇ. ಪ್ರಸನ್ನ, ವೇಗದ ಬೌಲರು ಜಾವಗಲ್ ಶ್ರೀನಾಥ್, ಕುಂಬ್ಳೆ ಈ ಮೂವರೂ ಇಂಜಿನಿಯರಿಂಗ್ ಓದಿದವರು. ಪದವಿಯ ಆಸರೆಯಿದ್ದುದರಿಂದ ಅವರ ಆಟಕ್ಕೆ ಕಾಲಾವಕಾಶ ದೊರೆಯಿತು. ಒಂದು ಋತು ಕೈಕೊಟ್ಟರೆ ಬದುಕೇ ಮುಳುಗಿತೆಂಬ ಭಯವಿರಲಿಲ್ಲ.

ಇಂದು ಸ್ಥಿತಿ ಬೇರೆ. 2008ರಲ್ಲಿ ಐಪಿಎಲ್ ಆರಂಭವಾದಂದಿನಿಂದ ಹತ್ತೊಂಬತ್ತು ಇಪ್ಪತ್ತರ ಹರೆಯದ ಹುಡುಗನ ತೋಳಿಗೂ ಹರಾಜಿನಲ್ಲಿ ಕೋಟಿಗಳ ಬೆಲೆ ಬರಬಹುದು. ರಾಜ್ಯದ ಮಹಾರಾಜ ಟ್ರೋಫಿಯಲ್ಲಿ ನಾಲ್ಕು ಓವರು ಚೆನ್ನಾಗಿ ಮಾಡಿದವನನ್ನು ಗುರುತಿಸುವ ಕಣ್ಣುಗಳು ಸಿದ್ಧವಾಗಿವೆ. ಇದು ಸಂತೋಷದ ವಿಷಯವೇ ಹೌದು. ಆದರೆ ಬೆಲೆ ಬೇಗ ಬರುವಲ್ಲಿ ತಿದ್ದುವ ಆತುರವೂ ಬೇಗ ಬರುತ್ತದೆ. ಬೇಸಗೆಯ ರಜೆಯಲ್ಲಿ ಒಂದು ಶಿಬಿರ, ಮಳೆಗಾಲದಲ್ಲಿ ಮತ್ತೊಂದು, ಎರಡರಲ್ಲಿಯೂ ಪರಸ್ಪರ ವಿರುದ್ಧವಾದ ಉಪದೇಶ. ಹೀಗಾಗಿ ಹುಡುಗನ ತೋಳು ಯಾವುದನ್ನೂ ತನ್ನದಾಗಿ ಮಾಡಿಕೊಳ್ಳದೆ ಗಲಿಬಿಲಿಗೊಳ್ಳುವುದನ್ನು ಎಲ್ಲ ಬಡಾವಣೆಗಳಲ್ಲಿಯೂ ಕಾಣುತ್ತಿದ್ದೇವೆ.

ಆದುದರಿಂದ ಗುರುವಿನ ವಿವೇಕವಿರುವುದು ತಿದ್ದುವುದರಲ್ಲಿ ಎಷ್ಟೋ, ಬಿಡುವುದರಲ್ಲಿಯೂ ಅಷ್ಟೇ ಎಂಬುದು ನನಗೆ ತೋರುವ ತೀರ್ಮಾನ. ನಿಯಮವನ್ನು ಮೀರುವ ದೋಷವನ್ನೂ ಮೈಗೆ ಪೆಟ್ಟು ತರುವ ದೋಷವನ್ನೂ ದಾಕ್ಷಿಣ್ಯವಿಲ್ಲದೆ ತಿದ್ದಬೇಕು, ಅದೂ ಎಳೆಯ ವಯಸ್ಸಿನಲ್ಲಿ ತಿದ್ದಬೇಕು. ಕೇವಲ ವಿಚಿತ್ರವಾಗಿ ಕಾಣುವುದನ್ನು ಮುಟ್ಟಬಾರದು, ಏಕೆಂದರೆ ದಾಂಡಿಗನಿಗೆ ಕಷ್ಟವಾಗುವುದು ಆ ವೈಚಿತ್ರ್ಯದಿಂದಲೇ. ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ತಾಯಿತಂದೆಯರಲ್ಲಿ ನನ್ನ ವಿನಂತಿ ಇಷ್ಟೇ: ಒಬ್ಬ ಗುರುವನ್ನು ನೋಡಿ ಆರಿಸಿಕೊಳ್ಳಿರಿ, ಅವನಿಗೆ ಎರಡು ಮೂರು ವರ್ಷಗಳ ಕಾಲವನ್ನು ಕೊಡಿರಿ, ಮತ್ತು ಅಲ್ಲಿಯವರೆಗೆ ಹುಡುಗನ ಪಠ್ಯಪುಸ್ತಕಗಳನ್ನು ಅಟ್ಟಕ್ಕೆ ಹಾಕದಿರಿ.